ನೂರು ಶೇಂಗಾಕ್ಕೆ ರಸೀದಿ

ವರ್ಷಕ್ಕೊಮ್ಮೆ ನಮ್ಮಂಥವರ ಆಫೀಸಿನ ಇಮೇಲ್‌ಗೆ ಒಂದು ಸೂಚನೆ ಬರುತ್ತದೆ. ಲಂಚ ವಿರೋಧಿ ತರಬೇತಿ ಇನ್ನೂ ಮುಗಿಸಿಲ್ಲ, ಇಷ್ಟನೇ ತಾರೀಖು ಕೊನೆ, ಮುಗಿಸದಿದ್ದರೆ ನಿಮ್ಮ ಮ್ಯಾನೇಜರಿಗೆ ಹೋಗುತ್ತದೆ. ಮುಂಬೈ ಲೋಕಲ್‌ನಲ್ಲಿ ನಿಂತುಕೊಂಡೇ ಅದನ್ನು ಮುಗಿಸಿದವರನ್ನು ನಾನು ಬಲ್ಲೆ. ವಿಡಿಯೊವನ್ನು ಮೂಕಿ ಮಾಡಿ ಓಡಲು ಬಿಡುವುದು, ಕೊನೆಗೆ ಹತ್ತು ಪ್ರಶ್ನೆ. ಬೇರೆ ದೇಶದ ಕಸ್ಟಮ್ಸ್ ಅಧಿಕಾರಿಗೆ ಹಬ್ಬಕ್ಕೆಂದು ಬೆಳ್ಳಿ ತಟ್ಟೆ ಕೊಡಬಹುದೇ? ಕೊಡಬಾರದು. ಕಂಪನಿಯ ಪರವಾಗಿ ಏಜೆಂಟನೊಬ್ಬ ಕೊಟ್ಟರೆ? ಅದೂ ಕೂಡದು. ನೂರಕ್ಕೆ ನೂರು ಅಂಕ, ಸರ್ಟಿಫಿಕೇಟು, ಮುಂದಿನ ಸ್ಟೇಷನ್ ದಾದರ್.

ಅಮೆರಿಕದ ಒಂದು ಕಾನೂನಿನ ಹೆಸರನ್ನು ಪುಣೆಯ ಹುಡುಗಿ, ಹೈದರಾಬಾದಿನ ಹುಡುಗ ಬಾಯಿಪಾಠ ಮಾಡಬೇಕಾಗಿ ಬಂದದ್ದು ಹೇಗೆ ಎಂಬುದರ ಹಿಂದೆ ಐವತ್ತು ವರ್ಷದ ಕಥೆಯಿದೆ. ನಾನು ಲೆಕ್ಕ ತಪಾಸಣೆಯ ಮನುಷ್ಯ. ಹಾಗಾಗಿ ಆ ಕಥೆ ನನಗೆ ಕಾಣಿಸುವುದು ಲಂಚ ಕೊಟ್ಟ ಕೈಯ ಕಡೆಯಿಂದಲ್ಲ, ಅದನ್ನು ಬರೆದಿಟ್ಟ ಪುಸ್ತಕದ ಕಡೆಯಿಂದ.

ಅದಕ್ಕೂ ಒಂದು ಕಾರಣವಿದೆ. ನಮ್ಮಪ್ಪನದು ಗದಗಿನ ಮಾರ್ಕೆಟ್ ಯಾರ್ಡಿನಲ್ಲಿ ದಲಾಲಿ ಅಂಗಡಿ. ಶೇಂಗಾ, ಒಣ ಮೆಣಸಿನಕಾಯಿ. ಬೇಸಿಗೆ ರಜೆಯಲ್ಲಿ ಕಿರ್ದಿ ಬರೆಯುವ ಕೆಲಸ ನನ್ನದು. ಒಂದು ದಿನ ಯಾರೋ ಬಂದರು, ಗಾದಿಯ ಮೇಲೆ ಕೂತು ಚಹಾ ಕುಡಿದರು, ಅಪ್ಪ ಗಲ್ಲೆಯಿಂದ ಐವತ್ತರ ನೋಟು ತೆಗೆದು ಕೊಟ್ಟರು, ಅವರು ಹೋದರು. "ಅಪ್ಪಾ, ಇದನ್ನ ಯಾವ ಖಾತೇಕ್ ಬರೀಲಿ?" ಎಂದೆ. "ಚಿಲ್ಲರ ಖರ್ಚು ಅಂತ ಬರಿ" ಎಂದರು. ಯಾರಿಗೆ ಎಂದು ಕೇಳಿದ್ದಕ್ಕೆ, "ಮಾಮೂಲು" ಎಂದಷ್ಟೇ ಹೇಳಿದರು. ಅರಬ್ಬಿ ಮೂಲದ ಈ ಮಾತಿಗೆ ರೂಢಿಯಲ್ಲಿರುವುದು ಎಂದು ಅರ್ಥ. ರೂಢಿಯಲ್ಲಿರುವುದಕ್ಕೆ ಬೇರೆ ಹೆಸರು ಏಕೆ ಬೇಕು?

ಆದರೆ ಕಿರ್ದಿಗೆ ಹೆಸರು ಬೇಕು. ಗಲ್ಲೆಯಿಂದ ಹೋದ ಹಣಕ್ಕೆ ಎದುರಾಗಿ ಏನಾದರೊಂದು ಬರೆಯದಿದ್ದರೆ ಸಂಜೆ ಲೆಕ್ಕ ಕೂಡುವುದಿಲ್ಲ. ವಾಷಿಂಗ್ಟನ್ನಿನಲ್ಲಿ 1973ರಲ್ಲಿ ಒಬ್ಬ ಸರ್ಕಾರಿ ವಕೀಲನ ತಲೆಗೆ ಹೊಳೆದದ್ದೂ ಇದೇ.

ಅವನ ಹೆಸರು ಸ್ಟ್ಯಾನ್ಲಿ ಸ್ಪೋರ್ಕಿನ್. ಶೇರು ಮಾರುಕಟ್ಟೆಯ ಮೇಲ್ವಿಚಾರಣೆಗೆಂದು ಇರುವ ಎಸ್‌ಇಸಿಯ, ಅಂದರೆ ನಮ್ಮ ಸೆಬಿಯಂಥ ಸಂಸ್ಥೆಯ, ಜಾರಿ ವಿಭಾಗದವನು. ಆ ಬೇಸಿಗೆಯಲ್ಲಿ ಅಮೆರಿಕವೆಲ್ಲ ಟಿವಿಯ ಮುಂದೆ ಕೂತು ವಾಟರ್‌ಗೇಟ್ ವಿಚಾರಣೆ ನೋಡುತ್ತಿತ್ತು. ದೊಡ್ಡ ದೊಡ್ಡ ಕಂಪನಿಗಳು ನಿಕ್ಸನ್ನನ ಚುನಾವಣೆಗೆ ಕಾನೂನುಬಾಹಿರವಾಗಿ ದೇಣಿಗೆ ಕೊಟ್ಟ ಸಂಗತಿ ಅಲ್ಲಿ ಹೊರಬಿತ್ತು. ಉಳಿದವರು ರಾಜಕೀಯ ನೋಡುತ್ತಿದ್ದರೆ ಸ್ಪೋರ್ಕಿನ್ ಬೇರೆಯದನ್ನೇ ಯೋಚಿಸಿದ: ಈ ಹಣವನ್ನು ಇವರು ತಮ್ಮ ಪುಸ್ತಕದಲ್ಲಿ ಏನೆಂದು ಬರೆದಿರಬಹುದು? 'ಕಳ್ಳ ದೇಣಿಗೆ' ಎಂದು ಯಾರೂ ಖಾತೆ ತೆರೆಯುವುದಿಲ್ಲ. ಹಾಗಾದರೆ ಶೇರುದಾರರ ಕೈಗೆ ಹೋದ ಲೆಕ್ಕವೇ ಸುಳ್ಳು. ಸುಳ್ಳು ಲೆಕ್ಕ ಎಂದರೆ ಅದು ತನ್ನ ಇಲಾಖೆಯ ವ್ಯಾಪ್ತಿಗೆ ಬರುತ್ತದೆ.

ಕಂಪನಿಗಳ ಪುಸ್ತಕ ಬಿಚ್ಚಲು ಹೋದಾಗ ದೇಶದೊಳಗಿನ ದೇಣಿಗೆಯ ಜೊತೆಗೆ ಹೊರದೇಶದ ಕೊಡುಕೊಳ್ಳುವಿಕೆಯೂ ಈಚೆ ಬಂತು. ಗಲ್ಫ್ ಆಯಿಲ್ ಬಹಾಮಾಸ್ ದ್ವೀಪಗಳ ಒಂದು ಅಂಗಸಂಸ್ಥೆಯ ಮೂಲಕ ಹಣ ಸಾಗಿಸುತ್ತಿತ್ತು. ದಕ್ಷಿಣ ಕೊರಿಯಾದ ಆಡಳಿತ ಪಕ್ಷಕ್ಕೆ ಎರಡು ಕಂತಿನಲ್ಲಿ 40 ಲಕ್ಷ ಡಾಲರ್ ಕೊಟ್ಟದ್ದನ್ನು ಅದರ ಮುಖ್ಯಸ್ಥನೇ 1975ರಲ್ಲಿ ಸೆನೆಟ್ ಉಪಸಮಿತಿಯ ಮುಂದೆ ಒಪ್ಪಿಕೊಂಡ. ಅದೇ ವರ್ಷದ ಫೆಬ್ರವರಿ 3ರಂದು ಯುನೈಟೆಡ್ ಬ್ರ್ಯಾಂಡ್ಸ್ ಎಂಬ ಬಾಳೆಹಣ್ಣಿನ ಕಂಪನಿಯ ಅಧ್ಯಕ್ಷ ಎಲೈ ಬ್ಲ್ಯಾಕ್ ನ್ಯೂಯಾರ್ಕಿನ ಪ್ಯಾನ್ ಆಮ್ ಕಟ್ಟಡದ 44ನೇ ಮಹಡಿಯಲ್ಲಿ ತನ್ನ ಬ್ರೀಫ್‌ಕೇಸಿನಿಂದ ಕಿಟಕಿಯ ಗಾಜು ಒಡೆದು ಕೆಳಗೆ ಹಾರಿದ. ಏಕೆ ಸತ್ತ ಎಂದು ಎಸ್‌ಇಸಿ ಹುಡುಕಿದಾಗ ಹೊಂಡುರಾಸ್ ದೇಶ ಸಿಕ್ಕಿತು: ಬಾಳೆಹಣ್ಣಿನ ರಫ್ತು ತೆರಿಗೆ ಇಳಿಸಲೆಂದು ಅಲ್ಲಿಯ ಅಧಿಕಾರಸ್ಥರಿಗೆ ಸಂದಾಯವಾದ 12.5 ಲಕ್ಷ ಡಾಲರ್. ಏಪ್ರಿಲ್‌ನಲ್ಲಿ ಅಲ್ಲಿಯ ಸೈನ್ಯ ತನ್ನ ಅಧ್ಯಕ್ಷನನ್ನೇ ಇಳಿಸಿತು.

ಇಷ್ಟಾದರೂ ಹೆಚ್ಚಿನ ಅಮೆರಿಕನ್ನರಿಗೆ ಇದು ದೂರದ ಸುದ್ದಿ. ಅವರನ್ನು ಎಬ್ಬಿಸಿದ್ದು ಲಾಕ್‌ಹೀಡ್.

ಲಾಕ್‌ಹೀಡ್ ವಿಮಾನ ಕಂಪನಿ 1971ರಲ್ಲಿ ಮುಳುಗುವ ಹಂತಕ್ಕೆ ಬಂದಿತ್ತು. ಅದರ ಹೊಸ ಪ್ರಯಾಣಿಕ ವಿಮಾನ ಟ್ರೈಸ್ಟಾರ್‌ಗೆ ಎಂಜಿನ್ ಮಾಡುತ್ತಿದ್ದ ಬ್ರಿಟನ್ನಿನ ರೋಲ್ಸ್ ರಾಯ್ಸ್ ದಿವಾಳಿಯಾಗಿತ್ತು. ಅಮೆರಿಕ ಸರ್ಕಾರ 25 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತು ಕಂಪನಿಯನ್ನು ಉಳಿಸಿತು. ಆ ಮಸೂದೆ ಸೆನೆಟ್ಟಿನಲ್ಲಿ ಗೆದ್ದದ್ದು ಒಂದೇ ಒಂದು ಮತದಿಂದ. ಜನರ ತೆರಿಗೆಯ ಜಾಮೀನಿನ ಮೇಲೆ ಉಸಿರಾಡುತ್ತಿದ್ದ ಆ ಕಂಪನಿ ಟ್ರೈಸ್ಟಾರ್ ಮಾರಲು ಜಪಾನಿನಲ್ಲಿ ಏನೇನು ಮಾಡಿತೆಂಬುದು 1976ರ ಫೆಬ್ರವರಿಯಲ್ಲಿ ಸೆನೆಟರ್ ಫ್ರ್ಯಾಂಕ್ ಚರ್ಚ್‌ನ ಉಪಸಮಿತಿಯ ಮುಂದೆ ಬಯಲಾಯಿತು.

ಜಪಾನಿನಲ್ಲಿ ಅವರ ಗುಪ್ತ ಪ್ರತಿನಿಧಿ ಯೋಶಿಯೋ ಕೊಡಾಮಾ, ಯುದ್ಧಾಪರಾಧದ ಆರೋಪದಲ್ಲಿ ಜೈಲು ಕಂಡು ಬಂದಿದ್ದ ಬಲಪಂಥೀಯ ಕುಳ. ಅವನಿಗೇ ಸುಮಾರು 70 ಲಕ್ಷ ಡಾಲರ್ ಹೋಗಿತ್ತು. ಪ್ರಧಾನಿ ಕಾಕುಯೇ ತನಾಕಾಗೆ ತಲುಪಿದ್ದು ಮರುಬೆನಿ ಎಂಬ ವ್ಯಾಪಾರಿ ಸಂಸ್ಥೆಯ ಮೂಲಕ 50 ಕೋಟಿ ಯೆನ್. ನನ್ನಂಥ ಲೆಕ್ಕದವನು ತಲೆ ಚಚ್ಚಿಕೊಳ್ಳುವ ಸಂಗತಿ ಏನೆಂದರೆ, ಇದಕ್ಕೆ ರಸೀದಿ ಇತ್ತು! ಮರುಬೆನಿಯ ಅಧಿಕಾರಿಯೊಬ್ಬ ಸಹಿ ಹಾಕಿಕೊಟ್ಟಿದ್ದ: ನೂರು 'ಪೀನಟ್ಸ್' ತಲುಪಿತು. ಒಂದು ಶೇಂಗಾಕ್ಕೆ ಹತ್ತು ಲಕ್ಷ ಯೆನ್. ಮುಂದಿನ ರಸೀದಿಗಳಲ್ಲಿ ಶೇಂಗಾ ಹೋಗಿ 'ಪೀಸ್' ಬಂತು. ಎಲ್ಲ ಕೂಡಿದರೆ ಐನೂರು.

ರಸೀದಿ ಏಕೆ ತೆಗೆದುಕೊಂಡರು ಎಂದು ಜನ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೂತ ಮಾಲಕನಿಗೆ, ಮಧ್ಯದವನು ತಾನೇ ನುಂಗಲಿಲ್ಲ ಎಂಬುದು ಖಾತ್ರಿಯಾಗಬೇಡವೇ? ಕಳ್ಳ ವ್ಯವಹಾರಕ್ಕೂ ಪುಸ್ತಕ ಬೇಕು. ಸ್ಪೋರ್ಕಿನ್ನನಿಗೆ ಹೊಳೆದದ್ದು ಇದರ ಇನ್ನೊಂದು ಮಗ್ಗುಲು.

ಜಪಾನಿನಲ್ಲಿ ಶೇಂಗಾ ಎಂಬುದು ಆ ವರ್ಷ ಮನೆಮಾತಾಯಿತು. ಸಂಸತ್ತಿನ ಮುಂದೆ ಸಾಕ್ಷಿಗೆ ಬಂದ ಉದ್ಯಮಿಯೊಬ್ಬ ಕೇಳಿದ್ದಕ್ಕೆಲ್ಲ ನೆನಪಿಲ್ಲ ಎಂದದ್ದು ಮಕ್ಕಳ ಬಾಯಲ್ಲೂ ಕುಣಿಯಿತು. ಮಾರ್ಚ್‌ನಲ್ಲಿ ಒಬ್ಬ ಚಿಲ್ಲರೆ ಸಿನಿಮಾ ನಟ ಪುಟ್ಟ ವಿಮಾನವೊಂದನ್ನು ಕೊಡಾಮಾನ ಮನೆಯ ಮೇಲೆ ಅಪ್ಪಳಿಸಿ ಸತ್ತ. ಕೊಡಾಮಾಗೆ ಏನೂ ಆಗಲಿಲ್ಲ. ಜುಲೈ 27ರಂದು ತನಾಕಾನ ಬಂಧನವಾಯಿತು. 1983ರಲ್ಲಿ ನಾಲ್ಕು ವರ್ಷ ಶಿಕ್ಷೆ. ಮೇಲ್ಮನವಿ ತೀರ್ಮಾನವಾಗುವ ಮೊದಲೇ 1993ರಲ್ಲಿ ಅವನು ತೀರಿಕೊಂಡ. ಅತ್ತ ನೆದರ್ಲೆಂಡ್ಸಿನ ರಾಣಿಯ ಗಂಡ ಬರ್ನ್‌ಹಾರ್ಡ್ 11 ಲಕ್ಷ ಡಾಲರಿನ ಇದೇ ಲಾಕ್‌ಹೀಡ್ ಹಗರಣದಲ್ಲಿ ಸಿಕ್ಕಿ ತನ್ನ ಸಾರ್ವಜನಿಕ ಹುದ್ದೆಗಳನ್ನೆಲ್ಲ ಬಿಡಬೇಕಾಯಿತು.

ತೆಗೆದುಕೊಂಡವರ ಗತಿ ಹೀಗಾಯಿತು. ಕೊಟ್ಟವರದು? ಪರದೇಶದ ಅಧಿಕಾರಿಗೆ ಲಂಚ ಕೊಡುವುದು ಆಗ ಅಮೆರಿಕದಲ್ಲಿ ಅಪರಾಧವೇ ಆಗಿರಲಿಲ್ಲ. 1979ರಲ್ಲಿ ಲಾಕ್‌ಹೀಡ್ ತಪ್ಪೊಪ್ಪಿಕೊಂಡಾಗ ಆದ ದಂಡ 6,47,000 ಡಾಲರ್. ಅದೂ ಲಂಚಕ್ಕಲ್ಲ, ವಂಚನೆ ಮತ್ತು ಸುಳ್ಳು ಹೇಳಿಕೆಗೆ.

ಇಷ್ಟರಲ್ಲಿ ಎಸ್‌ಇಸಿ ಒಂದು ಉಪಾಯ ಮಾಡಿತ್ತು. ನೀವಾಗಿಯೇ ಬಂದು ಹೇಳಿದರೆ ಮೃದುವಾಗಿ ನಡೆದುಕೊಳ್ಳುತ್ತೇವೆ ಎಂದಿತು. 400ಕ್ಕೂ ಹೆಚ್ಚು ಕಂಪನಿಗಳು ಸಾಲುಗಟ್ಟಿ ಬಂದು 30 ಕೋಟಿ ಡಾಲರಿಗೂ ಮೀರಿದ ಸಂಶಯಾಸ್ಪದ ಪಾವತಿಗಳನ್ನು ಒಪ್ಪಿಕೊಂಡವು. ಅಧ್ಯಕ್ಷ ಜಿಮ್ಮಿ ಕಾರ್ಟರ್ 1977ರ ಡಿಸೆಂಬರ್ 19ರಂದು ಸಹಿ ಹಾಕಿದ ವಿದೇಶಿ ಭ್ರಷ್ಟಾಚಾರ ಕಾಯ್ದೆ, ಎಲ್ಲರೂ ಎಫ್‌ಸಿಪಿಎ ಎನ್ನುವುದು, ಹುಟ್ಟಿದ್ದು ಹೀಗೆ. (ಕಾರ್ಟರ್ ಸ್ವತಃ ಜಾರ್ಜಿಯಾದ ಶೇಂಗಾ ಬೆಳೆಗಾರ. ಇತಿಹಾಸಕ್ಕೂ ಒಮ್ಮೊಮ್ಮೆ ಚೇಷ್ಟೆ ಸೂಝುತ್ತದೆ.)

ಆ ಕಾಯ್ದೆಗೆ ಎರಡು ಕೈ. ಒಂದು ಕೈ, ವ್ಯಾಪಾರಕ್ಕಾಗಿ ಹೊರದೇಶದ ಅಧಿಕಾರಿಗೆ ಲಂಚ ಕೊಡಬೇಡ ಎನ್ನುತ್ತದೆ. ಇನ್ನೊಂದು ಕೈ, ಅಮೆರಿಕದ ಶೇರು ಮಾರುಕಟ್ಟೆಗೆ ಬಂದ ಯಾವ ಕಂಪನಿಯೇ ಆಗಲಿ, ಹಣ ಯಾತಕ್ಕೆ ಹೋಯಿತು ಎಂಬುದನ್ನು ಪುಸ್ತಕದಲ್ಲಿ ನಿಜವಾಗಿ, ತಕ್ಕಷ್ಟು ವಿವರವಾಗಿ ಬರೆಯಬೇಕು ಎನ್ನುತ್ತದೆ. ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಮೊದಲನೆಯದು. ಕೆಲಸ ಮಾಡಿದ್ದು ಎರಡನೆಯದು ಎಂಬುದು ನನ್ನ ಅಭಿಪ್ರಾಯ. ಲಂಚ ಎಂದು ಸಾಬೀತು ಮಾಡಲು ಕೊಟ್ಟವನ ಉದ್ದೇಶ ಬೇಕು, ಪಡೆದವನ ಹೆಸರು ಬೇಕು, ಬೇರೆ ದೇಶದ ಸಾಕ್ಷಿ ಬೇಕು. ಸುಳ್ಳು ಲೆಕ್ಕಕ್ಕೆ ಪುಸ್ತಕವೇ ಸಾಕ್ಷಿ.

ಮಾಮೂಲಿಗೂ ಅದರಲ್ಲಿ ಒಂದು ಕಿಂಡಿ ಇದೆ. ಹೇಗೂ ಆಗಲೇಬೇಕಾದ ಕೆಲಸ, ಅಂದರೆ ವೀಸಾ, ಫೋನ್ ಸಂಪರ್ಕ, ಸರಕಿನ ತಪಾಸಣೆ ಇಂಥವು, ಬೇಗ ಆಗಲೆಂದು ಕೊಡುವ ಸಣ್ಣ ಹಣ ಈ ಕಾಯ್ದೆಯ ಪ್ರಕಾರ ಲಂಚವಲ್ಲ. 1988ರ ತಿದ್ದುಪಡಿ ಅದನ್ನು ಇನ್ನೂ ಬಿಡಿಸಿ ಹೇಳಿತು. ಅಪ್ಪನ ಐವತ್ತು ರೂಪಾಯಿಯನ್ನು ಅಮೆರಿಕದ ಕಾಂಗ್ರೆಸ್ಸು ಕ್ಷಮಿಸುತ್ತಿತ್ತೋ ಏನೋ. ಆದರೆ 'ಚಿಲ್ಲರೆ ಖರ್ಚು' ಎಂಬ ನನ್ನ ಅಕ್ಷರವನ್ನು ಕ್ಷಮಿಸುತ್ತಿರಲಿಲ್ಲ.

ಸುಮಾರು ಇಪ್ಪತ್ತು ವರ್ಷ ಅಮೆರಿಕದ ಕಂಪನಿಗಳು ಗೊಣಗಿದವು: ನಮ್ಮ ಕೈ ಕಟ್ಟಿದ್ದೀರಿ, ಯುರೋಪಿನವರು ಆರಾಮಾಗಿ ಕೊಡುತ್ತಿದ್ದಾರೆ. ಗೊಣಗಾಟದಲ್ಲಿ ಸತ್ಯವಿತ್ತು. ಜರ್ಮನಿಯಲ್ಲಿ ವಿದೇಶಿ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ವಿನಾಯಿತಿ ಪಡೆಯಬಹುದಿತ್ತು. ಅದಕ್ಕೆ ಅಲ್ಲಿ ಇದ್ದ ಮಾತಿನ ಅರ್ಥ 'ಉಪಯುಕ್ತ ವೆಚ್ಚ'. ಇದಕ್ಕೆ ತೆರೆ ಬಿದ್ದದ್ದು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯಲ್ಲಿ 1997ರ ಡಿಸೆಂಬರ್ 17ರಂದು ಒಪ್ಪಂದವಾದ ಮೇಲೆ. ವಿದೇಶಿ ಅಧಿಕಾರಿಗೆ ಲಂಚ ಕೊಡುವುದನ್ನು ಸಹಿ ಹಾಕಿದ ಪ್ರತಿ ದೇಶವೂ ತನ್ನಲ್ಲಿ ಅಪರಾಧವೆಂದು ಮಾಡಬೇಕು. 1999ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂತು, ಜರ್ಮನಿಯ ವಿನಾಯಿತಿಯೂ ಆ ವರ್ಷ ಹೋಯಿತು.

ಕಾನೂನು ಹೋದಷ್ಟು ಬೇಗ ಅಭ್ಯಾಸ ಹೋಗುವುದಿಲ್ಲ. ಸೀಮೆನ್ಸ್ ಕಂಪನಿ 2001ರಲ್ಲಿ ನ್ಯೂಯಾರ್ಕ್ ಶೇರು ಪೇಟೆಗೆ ಬಂತು. ಎಫ್‌ಸಿಪಿಎಯ ಎರಡನೇ ಕೈಗೆ ಅಲ್ಲಿಗೆ ಸಿಕ್ಕಿಹಾಕಿಕೊಂಡಿತು. 2006ರ ನವೆಂಬರ್‌ನಲ್ಲಿ ಮ್ಯೂನಿಕ್ ಪೊಲೀಸರು ಅದರ ಕಚೇರಿಗಳ ಮೇಲೆ ದಾಳಿ ಮಾಡಿದಾಗ ಕಂಡದ್ದನ್ನು ಓದಿದರೆ ನಮ್ಮ ಯಾರ್ಡಿನ ದಲಾಲರೂ ಬೆರಗಾದಾರು. ನಗದು ಕೊಡಲೆಂದೇ ಕೌಂಟರುಗಳಿದ್ದವು; ನೌಕರರು ಖಾಲಿ ಸೂಟ್‌ಕೇಸು ಹಿಡಿದು ಬಂದು ತುಂಬಿಸಿಕೊಂಡು ಹೋಗುತ್ತಿದ್ದರು. ಪಾವತಿಗೆ ಒಪ್ಪಿಗೆಯ ಸಹಿಯನ್ನು ಕಾಗದದ ಮೇಲೆ ಹಾಕದೆ, ಅಂಟಿಸಿ ಕೀಳಬಹುದಾದ ಹಳದಿ ಚೀಟಿಯ ಮೇಲೆ ಹಾಕುತ್ತಿದ್ದರು. ತಪಾಸಣೆ ಬಂದರೆ ಚೀಟಿ ಕಿತ್ತರಾಯಿತು. ಎಸ್‌ಇಸಿ ಎಣಿಸಿದ ಪಾವತಿಗಳು 4,283, ಮೊತ್ತ ಸುಮಾರು 140 ಕೋಟಿ ಡಾಲರ್. ಅಮೆರಿಕಕ್ಕೂ ಜರ್ಮನಿಗೂ ಸೇರಿ ಸೀಮೆನ್ಸ್ ಸುಮಾರು 160 ಕೋಟಿ ಡಾಲರ್ ತೆತ್ತಿತು. ಆದರೆ 2008ರ ಡಿಸೆಂಬರ್‌ನಲ್ಲಿ ಮೂಲ ಕಂಪನಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡದ್ದು ಲಂಚಕ್ಕಲ್ಲ. ಲೆಕ್ಕಪತ್ರ ಮತ್ತು ಒಳ ನಿಯಂತ್ರಣದ ಕಲಮುಗಳಿಗೆ.

ಬ್ರಿಟನ್ನಿನ ಬಿಎಇ ಕಂಪನಿಯದೂ ಇದೇ ಕತೆ. ಬಡ ಟಾಂಜಾನಿಯಾಕ್ಕೆ ರಾಡಾರ್ ಮಾರಿದ ಪ್ರಕರಣದಲ್ಲಿ 2010ರಲ್ಲಿ ಅದು ಒಪ್ಪಿಕೊಂಡ ಅಪರಾಧ: ಸರಿಯಾದ ಲೆಕ್ಕ ಇಡಲಿಲ್ಲ. ದಂಡ 5 ಲಕ್ಷ ಪೌಂಡ್, ಉಳಿದ 2.95 ಕೋಟಿ ಪೌಂಡ್ ಟಾಂಜಾನಿಯಾದ ಜನರಿಗೆ ಹೋಯಿತು. ಅದರಲ್ಲಿ ಶಾಲೆಗಳಿಗೆ ಪುಸ್ತಕ ಕೊಂಡರು. ಅದೇ ವರ್ಷ ಬ್ರಿಟನ್ ತನ್ನ ಲಂಚ ಕಾಯ್ದೆ ಮಾಡಿತು. ಲಂಚ ತಡೆಯಲು ತಕ್ಕ ವ್ಯವಸ್ಥೆ ಇಟ್ಟುಕೊಳ್ಳದ ಕಂಪನಿಯೂ ಅಪರಾಧಿ ಎಂದು ಹೇಳಿದ ಆ ಕಾಯ್ದೆಯಲ್ಲಿ ಮಾಮೂಲಿಗೆ ಕಿಂಡಿಯೂ ಇಲ್ಲ. ನಮ್ಮ ವಾರ್ಷಿಕ ತರಬೇತಿ ಒಂದು ಬಗೆಯ ವಿಮೆ: ನಾಳೆ ಏನಾದರೂ ಆದರೆ, ನೋಡಿ, ಇವನಿಗೆ ಕಲಿಸಿದ್ದೆವು, ನೂರಕ್ಕೆ ನೂರು ತೆಗೆದಿದ್ದಾನೆ ಎಂದು ತೋರಿಸಲು.

ಟ್ರೈಸ್ಟಾರಿನ ಎಂಜಿನ್ ಮಾಡಿದ್ದ ರೋಲ್ಸ್ ರಾಯ್ಸ್ ಕೂಡ 2017ರ ಜನವರಿಯಲ್ಲಿ ಬ್ರಿಟನ್, ಅಮೆರಿಕ, ಬ್ರೆಜಿಲ್ ಮೂರೂ ಕಡೆ ರಾಜಿ ಮಾಡಿಕೊಂಡು 67.1 ಕೋಟಿ ಪೌಂಡ್ ಕೊಡಲು ಒಪ್ಪಿತು. ಬ್ರಿಟನ್ನಿನ ಆ ರಾಜಿಪತ್ರದಲ್ಲಿ ಭಾರತವೂ ಇದೆ. ಮಧ್ಯವರ್ತಿಗಳನ್ನು ಮರೆಮಾಚಲು ಸುಳ್ಳು ಲೆಕ್ಕ ಬರೆದದ್ದು ಒಂದು. ಆ ಮಧ್ಯವರ್ತಿಗಳ ಪಟ್ಟಿ ನಮ್ಮ ತೆರಿಗೆ ಇಲಾಖೆಯವರ ಕೈಗೆ ಸಿಕ್ಕಾಗ ಅದನ್ನು ವಾಪಸು ಪಡೆಯಲು ಹಣ ಕೊಟ್ಟದ್ದು ಇನ್ನೊಂದು.

ನಮ್ಮ ಊರುಗಳ ಹೆಸರು ಇನ್ನೂ ಹತ್ತಿರದಿಂದ ಬಂದದ್ದು 2019ರ ಫೆಬ್ರವರಿಯಲ್ಲಿ. ಚೆನ್ನೈಯಲ್ಲಿ ಕಾಗ್ನಿಜೆಂಟ್ ಕಟ್ಟುತ್ತಿದ್ದ ದೊಡ್ಡ ಕ್ಯಾಂಪಸ್ಸಿನ ಯೋಜನಾ ಅನುಮತಿಗಾಗಿ ತಮಿಳುನಾಡಿನ ಅಧಿಕಾರಿಯೊಬ್ಬರಿಗೆ 20 ಲಕ್ಷ ಡಾಲರ್ ಕೊಡಲು ಅಮೆರಿಕದಲ್ಲಿ ಕೂತ ಮೇಲಧಿಕಾರಿಗಳು ಒಪ್ಪಿಗೆ ಕೊಟ್ಟರೆಂದು ಎಸ್‌ಇಸಿ ಆರೋಪಿಸಿತು. ಪುಣೆಯ ಇನ್ನೊಂದು ಕಟ್ಟಡದ ಪರಿಸರ ಅನುಮತಿಯ ಮಾತೂ ಅದರಲ್ಲಿತ್ತು. ಆರೋಪದ ಪ್ರಕಾರ ಹಣ ಕೊಡಬೇಕಾದವನು ಗುತ್ತಿಗೆದಾರ. ಅವನಿಗೆ ಅದನ್ನು ತುಂಬಿಕೊಡುವುದು ಕಟ್ಟಡ ಕೆಲಸದ 'ಚೇಂಜ್ ಆರ್ಡರ್' ಬಿಲ್ಲುಗಳಲ್ಲಿ ಸೇರಿಸಿ. ಮೊದಲ ಅಂದಾಜಿನಲ್ಲಿಲ್ಲದ ಒಂದು ಗೋಡೆ, ಒಂದಿಷ್ಟು ವೈರಿಂಗು. ಕಂಪನಿ ಆರೋಪ ಒಪ್ಪದೆಯೂ ಅಲ್ಲಗಳೆಯದೆಯೂ 2.5 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡಿತು. ಇಬ್ಬರು ಮಾಜಿ ಮೇಲಧಿಕಾರಿಗಳು ತಾವು ನಿರ್ದೋಷಿಗಳೆಂದು ವರ್ಷಗಟ್ಟಲೆ ಹೋರಾಡಿದರು. 2025ರ ಫೆಬ್ರವರಿ 10ರಂದು ಅಧ್ಯಕ್ಷ ಟ್ರಂಪ್ ಎಫ್‌ಸಿಪಿಎ ಜಾರಿಗೆ ತಡೆ ಹಾಕಿದರು. ಅಮೆರಿಕದ ಕಂಪನಿಗಳ ಕೈ ಕಟ್ಟಿದಂತಾಗಿದೆ ಎಂಬುದು ಕೊಟ್ಟ ಕಾರಣ, ಅದೇ ಹಳೆಯ ಗೊಣಗು. ಏಪ್ರಿಲ್‌ನಲ್ಲಿ ಆ ಇಬ್ಬರ ಮೇಲಿನ ಮೊಕದ್ದಮೆಯನ್ನು ಸರ್ಕಾರವೇ ಹಿಂತೆಗೆದುಕೊಂಡಿತು. ಕಾಯ್ದೆ ರದ್ದಾಗಿಲ್ಲ, ಜೂನ್‌ನಲ್ಲಿ ಹೊಸ ಮಾರ್ಗಸೂಚಿ ಬಂತು. ತರಬೇತಿಯ ಇಮೇಲೂ ಬರುವುದು ನಿಂತಿಲ್ಲ.

ಈಗ ಕನ್ನಡಿಯನ್ನು ತುಸು ತಿರುಗಿಸೋಣ. ಹೊರಗಿನವರು ಇಲ್ಲಿ ಬಂದು ಕೊಟ್ಟದ್ದರ ಬಗ್ಗೆ ನಮಗೆ ಬೇಕಾದಷ್ಟು ಸಿಟ್ಟಿದೆ. ಬೋಫೋರ್ಸ್ ಎಂದರೆ ಸಾಕು, ನನ್ನ ವಯಸ್ಸಿನವರಿಗೆ 1987ರ ಏಪ್ರಿಲ್‌ನ ಸ್ವೀಡಿಷ್ ರೇಡಿಯೊ, 64 ಕೋಟಿ ರೂಪಾಯಿ, 410 ತೋಪು ಎಲ್ಲ ನೆನಪಾಗುತ್ತದೆ. ನಮ್ಮವರು ಹೊರಗೆ ಹೋಗಿ ಕೊಟ್ಟರೆ? ಭಾರತ 2011ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯನ್ನು ಸ್ಥಿರೀಕರಿಸಿತು. ವಿದೇಶಿ ಅಧಿಕಾರಿಗೆ ಲಂಚ ಕೊಡುವುದನ್ನು ಅಪರಾಧ ಮಾಡಬೇಕೆಂದು ಆ ಒಡಂಬಡಿಕೆ ಹೇಳುತ್ತದೆ. ಅದಕ್ಕೆಂದು ಅದೇ ವರ್ಷದ ಮಾರ್ಚ್‌ನಲ್ಲಿ ಲೋಕಸಭೆಯಲ್ಲಿ ಒಂದು ಮಸೂದೆಯನ್ನೂ ಮಂಡಿಸಿದ್ದರು. 2014ರಲ್ಲಿ ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಮುಗಿಯಿತು. 2018ರಲ್ಲಿ ತಿದ್ದಿದ ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆ ಇಲ್ಲಿಯ ಅಧಿಕಾರಿಗೆ ಕೊಟ್ಟವನನ್ನೂ ಕೊಟ್ಟ ಕಂಪನಿಯನ್ನೂ ಹಿಡಿಯುತ್ತದೆ. ಗಡಿಯಾಚೆಯ ಅಧಿಕಾರಿ ಅದರಲ್ಲಿಲ್ಲ. ಒಇಸಿಡಿ ಒಪ್ಪಂದಕ್ಕೂ ನಾವು ಸಹಿ ಹಾಕಿಲ್ಲ. 1976ರ ಲಾಕ್‌ಹೀಡ್ ನಿಂತಿದ್ದ ಜಾಗದಲ್ಲೇ ನಮ್ಮ ಕಂಪನಿಗಳು ಇಂದು ನಿಂತಿವೆ.

ಇದು ನನಗೆ ಕಾಗದದ ಮೇಲಿನ ಮಾತಲ್ಲ. ಕೆಲವು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಒಂದು ದೇಶದಲ್ಲಿ ಭಾರತದ ಕಂಪನಿಯೊಂದು ವಿದ್ಯುತ್ ತಂತಿ ಎಳೆಯುವ ಕೆಲಸ ಹಿಡಿದಿತ್ತು. ಅದರ ಪುಸ್ತಕ ನೋಡಲು ನನ್ನನ್ನು ಕಳಿಸಿದ್ದರು. 'ಸ್ಥಳೀಯ ಸಮನ್ವಯ ವೆಚ್ಚ' ಎಂಬ ಒಂದು ಖಾತೆ ತಿಂಗಳು ತಿಂಗಳು ದಪ್ಪವಾಗುತ್ತಿತ್ತು. ವೋಚರಿಗೆ ಬಿಲ್ಲಿಲ್ಲ, ಸೈಟ್ ಮ್ಯಾನೇಜರನ ಸಹಿ ಮಾತ್ರ. ಅವನು ವಿಜಯಪುರದ ಕಡೆಯ ಹುಡುಗ. ಪರದೇಶದಲ್ಲಿ ಕನ್ನಡ ಕೇಳಿದ ಖುಷಿಗೆ ರೊಟ್ಟಿ, ಶೇಂಗಾ ಚಟ್ನಿ ಹಾಕಿ ಊಟಕ್ಕೆ ಕರೆದಿದ್ದ. ಊಟವಾದ ಮೇಲೆ ಕೇಳಿದೆ.

"ಬಂದರದಾಗ ಟ್ರಾನ್ಸ್‌ಫಾರ್ಮರ್ ನಿಂತಾವ್ರಿ ಸರ," ಎಂದ. "ದಿನಾ ಬಾಡಗಿ ಏರತೈತಿ. ತಡ ಆದ್ರ ಕಂಪನಿ ನನ್ನ ಕೇಳತೈತಿ, ಆ ಆಫೀಸರನ್ನ ಅಲ್ಲ. ನೀವಾಗಿದ್ರ ಏನ್ ಮಾಡ್ತಿದ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಹಣ ಅವನ ಕಿಸೆಗೆ ಹೋಗಿರಲಿಲ್ಲ, ಅದು ನನಗೆ ಖಚಿತ. ನಾಳೆ ಏನಾದರೂ ಎದ್ದರೆ ಮೊದಲು ಕೈಬಿಡುವುದು ಅವನನ್ನೇ ಎಂಬುದೂ ಅಷ್ಟೇ ಖಚಿತ. ವೋಚರಿನ ಮೇಲೆ ಬೇರೆ ಯಾರ ಸಹಿಯೂ ಇರಲಿಲ್ಲ. ಅವನಿಗೂ ಅದು ಗೊತ್ತಿತ್ತು. ಕಳಿಸುವಾಗ ಬಾಗಿಲ ತನಕ ಬಂದು, "ವರದಿಯೊಳಗ ನನ್ನ ಹೆಸರು ಬರತೈತೇನ್ರಿ?" ಎಂದು ಕೇಳಿದ.

ವರದಿಯಲ್ಲಿ ನಾನು ಬರೆದದ್ದು ಒಂದೇ ಸಾಲು: ಸದರಿ ಖಾತೆಯ ವೋಚರುಗಳಿಗೆ ಪೂರಕ ದಾಖಲೆಗಳಿಲ್ಲ. ಅವನ ಹೆಸರು ಬರೆಯಲಿಲ್ಲ, ಬಂದರಿನ ಮಾತನ್ನೂ ಬರೆಯಲಿಲ್ಲ. ತಿಂಗಳ ನಂತರ ಮುಖ್ಯ ಕಚೇರಿಯಿಂದ ಉತ್ತರ ಬಂತು. ಆ ಖಾತೆಯನ್ನು ಮುಚ್ಚಲಾಗಿದೆ, ಮೊತ್ತವನ್ನು 'ಸಾಗಣೆ ಮತ್ತು ಇತರೆ' ಖಾತೆಗೆ ವರ್ಗಾಯಿಸಲಾಗಿದೆ, ಇನ್ನು ಮುಂದೆ ಕ್ಲಿಯರಿಂಗ್ ಏಜೆಂಟನ ಒಟ್ಟು ಬಿಲ್ಲಿನಲ್ಲೇ ಎಲ್ಲ ಬರುತ್ತದೆ. ಬಿಲ್ಲಿನ ಪ್ರತಿ ಲಗತ್ತಾಗಿತ್ತು. ಸೀಲು, ಸಹಿ, ತಾರೀಖು ಎಲ್ಲ ಕ್ರಮಬದ್ಧ. ನಾನು ಆ ಸಾಲಿನ ಮುಂದೆ 'ಪರಿಹರಿಸಲಾಗಿದೆ' ಎಂದು ಬರೆದು ಫೈಲು ಮುಚ್ಚಿದೆ.